ಮಕ್ಕಳ ಮಲಬದ್ಧತೆಗೆ ಯಾವ ಔಷಧ?

ಮೂರು ವರ್ಷದ ಮಗು ನಾಲ್ಕು ದಿನಗಳಿಂದ ಕಡೆಗೆ ಹೋಗಿಲ್ಲ ಎಂದ ಕೂಡಲೇ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ಅಜ್ಜಿಯ ಕೈ ಔಡಲೆಣ್ಣೆಯ ಸೀಸೆಗೆ ಹೋಗುತ್ತದೆ. ಮರುದಿನ ಹೊಟ್ಟೆ ಖಾಲಿ, ಮನೆಮಂದಿಗೆಲ್ಲ ಸಮಾಧಾನ. ಆದರೆ ಕರುಳು ಹಿಂಡಿ ನೋವುಂಡ ಮಗು ಮತ್ತೆ ಕೂಡಲು ಹೆದರುತ್ತದೆ; ಕಾಲು ಬಿಗಿದು ಮೂಲೆಯಲ್ಲಿ ನಿಂತು ಮುಖ ಕೆಂಪಗೆ ಮಾಡುತ್ತದೆ. ಮುಕ್ಕುತ್ತಿದೆ ಎಂದು ತಿಳಿಯುವವರೇ ಹೆಚ್ಚು. ನಿಜವಾಗಿ ಅದು ತಡೆಹಿಡಿಯುತ್ತಿರುತ್ತದೆ. ತಡೆದಷ್ಟೂ ಮಲ ಗಟ್ಟಿ, ಗಟ್ಟಿಯಾದಷ್ಟೂ ನೋವು. ಆದ್ದರಿಂದ ಚಿಕ್ಕ ಮಕ್ಕಳಿಗೆ ಔಡಲೆಣ್ಣೆ ಬೇಡವೆಂದೇ ನಾವು ಹೇಳುತ್ತೇವೆ.

ಮಕ್ಕಳ ವೈದ್ಯರು ಈಗ ಮೊದಲು ಬರೆಯುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು. ಅದು ನೀರನ್ನು ಹಿಡಿದುಕೊಂಡು ಕರುಳಿಗೆ ಸಾಗಿ ಮಲವನ್ನು ಮೆತ್ತಗಾಗಿಸುತ್ತದೆ. ರಕ್ತಕ್ಕೆ ಸೇರುವುದು ಅತ್ಯಲ್ಪ. ಲ್ಯಾಕ್ಟುಲೋಸ್ ಸಿರಪ್ಪಿನ ಕೆಲಸವೂ ಇಂಥದ್ದೇ, ಆದರೆ ಕರುಳಿನಲ್ಲಿ ಹುದುಗುವುದರಿಂದ ವಾಯು, ಹೊಟ್ಟೆಯುಬ್ಬರ ಕಾಣಿಸಬಹುದು. ಒಂದು ವರ್ಷದೊಳಗಿನ ಕೂಸಿಗೆ ವೈದ್ಯರು ಇದನ್ನು ಬರೆಯುವುದುಂಟು. 2016ರ ಕಾಕ್ರೇನ್ ಪರಿಶೀಲನೆಯಲ್ಲಿ ಲ್ಯಾಕ್ಟುಲೋಸ್, ಮಿಲ್ಕ್ ಆಫ್ ಮ್ಯಾಗ್ನೀಷಿಯಾ ಎರಡಕ್ಕಿಂತ ಪುಡಿಯೇ ಮೇಲೆನಿಸಿತು. ಆಧಾರ ಅಷ್ಟು ಬಲವಾಗಿಲ್ಲವೆಂದೂ ಪರಿಶೀಲಕರು ಸೇರಿಸಿದ್ದಾರೆ. 2014ರ ಯುರೋಪು ಮತ್ತು ಉತ್ತರ ಅಮೆರಿಕದ ತಜ್ಞರ ಮಾರ್ಗಸೂಚಿಯ ಪ್ರಕಾರ ಮಲ ಕಟ್ಟಿಕೊಂಡಿದ್ದರೆ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂ ಪುಡಿಯನ್ನು 3ರಿಂದ 6 ದಿನ, ಅನಂತರ 0.2ರಿಂದ 0.8 ಗ್ರಾಂ ಕೊಡಬೇಕು. ನಿಮ್ಮ ಮಗುವಿಗೆ ಎಷ್ಟೆಂದು ವೈದ್ಯರೇ ಗೊತ್ತುಮಾಡಲಿ.

ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯನ್ನು ವರ್ಷದೊಳಗಿನ ಕೂಸಿಗೆ ಕೊಡಕೂಡದು. ಅಳುವ ಮಗುವಿನ ಬಾಯಿಗೆ ಸುರಿದರೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದೀತು. ಸೋನಾಮುಖಿ ಕರುಳನ್ನು ಕೆರಳಿಸುವಂಥದ್ದು. ಬೇರೆ ಔಷಧ ಸಾಲದಾಗ ಮಾತ್ರ, ಅದೂ ಕೇಳಿಯೇ.

ನಮ್ಮ ಆಚಾರಕ್ಕೆ ಸಂಬಂಧಿಸಿದ ಕೆಲವು ಮಾತುಗಳಿವೆ. ಗುದದ್ವಾರದಲ್ಲಿಡುವ ಕೆಲವು ಗ್ಲಿಸರಿನ್ ಬತ್ತಿಗಳಲ್ಲಿ ಜೆಲಟಿನ್ ಇರುತ್ತದೆ, ಚೀಟಿ ಓದಿ ಕೊಳ್ಳಿರಿ. ಪುಡಿ ರಾಸಾಯನಿಕವಾಗಿ ತಯಾರಾದದ್ದು, ಲ್ಯಾಕ್ಟುಲೋಸ್ ಹಾಲಿನ ಸಕ್ಕರೆಯಿಂದ. ರಾತ್ರಿಯೇ ಕೊಡಬೇಕೆಂಬ ನಿಯಮವಿಲ್ಲ. ಕಾಯಿಸಿ ಆರಿಸಿದ ನೀರಿನಲ್ಲಿ ಬೆಳಿಗ್ಗೆ ಕರಗಿಸಿ ಕೊಡಬಹುದು. ಅಂಜೂರ ತಿನ್ನಿಸಿರೆಂದು ಹೇಳುವವರಿದ್ದಾರೆ, ಅದು ಉದುಂಬರ ಫಲವೆಂದು ಬಿಟ್ಟ ಮನೆಯವರು ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಕೊಡಲಿ. ಸೂರ್ಯಾಸ್ತದ ಮೇಲೆ ನೀರು ಮುಟ್ಟದ ಮನೆಗಳಲ್ಲಿ ಮಗುವಿಗೆ ಹಗಲೇ ನೆನಪಿಟ್ಟು ಕುಡಿಸಬೇಕು. ಅಂಗಡಿಯಿಂದ ಬರುವ ಬಿಸ್ಕೀಟು ಕಡಿಮೆಯಾಗಿ ಜೋಳದ ರೊಟ್ಟಿ ಹೆಚ್ಚಾಗಲಿ. (ವ್ಯಾಪಾರಸ್ಥರ ಮನೆಯಲ್ಲಿ ಇದು ಕಷ್ಟವೆಂದು ಬಲ್ಲೆವು!) ಊಟವಾದೊಡನೆ ಐದು ನಿಮಿಷ, ಕಾಲು ನೆಲಕ್ಕೆ ಊರುವಂತೆ ಕೂಡಿಸಿರಿ. ಗದರಬೇಡಿರಿ.

ನಾಲ್ಕು ದಿನ ಸರಿಹೋಯಿತೆಂದು ಔಷಧ ನಿಲ್ಲಿಸುವುದೇ ಮರುಕಳಿಸಲು ದೊಡ್ಡ ಕಾರಣ. ಕನಿಷ್ಠ ಎರಡು ತಿಂಗಳು ಕೊಟ್ಟು, ತೊಂದರೆಯಿಲ್ಲದೆ ಒಂದು ತಿಂಗಳಾದ ಮೇಲೆ ಮೆಲ್ಲಗೆ ಇಳಿಸಬೇಕು. ಇನ್ನೊಂದು ಮಾತು: ಗಟ್ಟಿ ಮಲದ ಪಕ್ಕದಿಂದ ತೆಳ್ಳಗೆ ಸೋರಿ ಚಡ್ಡಿ ಕೊಳೆಯಾದಾಗ ಭೇದಿಯೆಂದು ಭ್ರಮಿಸಿ ಔಷಧ ಬಿಡಿಸುವುದುಂಟು. ಆಗಲೇ ಅದು ಹೆಚ್ಚು ಬೇಕಾದದ್ದು.

ಹುಟ್ಟಿದ 48 ಗಂಟೆಯೊಳಗೆ ಮೊದಲ ಕಪ್ಪು ಮಲ ಹೋಗದ ಕೂಸು, ಹಸಿರು ವಾಂತಿ, ಬಿರುಸಾಗಿ ಉಬ್ಬಿದ ಹೊಟ್ಟೆ, ತೂಕ ಏರದಿರುವುದು, ಇವುಗಳಲ್ಲಿ ಒಂದು ಕಂಡರೂ ಔಷಧದ ಅಂಗಡಿಗಲ್ಲ, ಅದೇ ದಿನ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.