ಕಂಪ್ಯೂಟರ್ ಕೆಟ್ಟರೆ ‘ಯಾರು ಮಾಡಿದ್ದು?’ ಅಂತ ಮೊದಲು ಕೇಳಬೇಡಿ

ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ.

ನಮ್ಮ ಮನೆಯ ಕಂಪ್ಯೂಟರ್ ಮೂರು ವಾರ ಎಲ್ಲರನ್ನೂ ಗೋಳು ಹೊಯ್ದುಕೊಂಡಿತು. ಅಮ್ಮನ ಮೀಟಿಂಗ್ ನಡುವೆ ನೀಲಿ ಪರದೆ, ತಂಗಿಯ ಹೋಂವರ್ಕ್ ನಡುವೆ ನೀಲಿ ಪರದೆ. ಅಪ್ಪ ಮೊದಲು ವೈರಸ್ ಅಂದರು, ಆಮೇಲೆ ನನ್ನ ಗೇಮ್ ಅಂದರು. ವಿಂಡೋಸ್ ಪೂರ್ತಿ ಅಳಿಸಿ ಮತ್ತೆ ಹಾಕಿದರು. ಕೊನೆಗೆ ಹೊಸ ಪವರ್ ಸಪ್ಲೈಯನ್ನೇ ಕೊಂಡು ತಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಾರಣ ಏನಿರಬಹುದು ಎಂದು ನನಗೆ ಅನುಮಾನ ಇತ್ತು. ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ.

ನಾನು ಮಾಡಿದ್ದು ಇಷ್ಟೇ. ಗೆಳೆಯನ ಹಳೆಯ ಕಂಪ್ಯೂಟರ್‌ನಿಂದ ಎರಡು ರ‍್ಯಾಮ್ ಕಡ್ಡಿ ತಂದು ನಮ್ಮ ಎರಡರ ಜೊತೆ ಸೇರಿಸಿದೆ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಿದೆ. ಡಿಡಿಆರ್4 ರ‍್ಯಾಮ್ ಡಬ್ಬಿಯ ಮೇಲೆ 3600 ಅಂತ ಬರೆದಿದ್ದರೂ, ಮದರ್‌ಬೋರ್ಡ್ ಅದನ್ನು ಶುರುವಿನಲ್ಲಿ 2133 ಅಥವಾ 2666ರಂಥ ಸುರಕ್ಷಿತ ವೇಗದಲ್ಲಿ, 1.2 ವೋಲ್ಟ್‌ನಲ್ಲಿ ಓಡಿಸುತ್ತದೆ. ಎಕ್ಸ್‌ಎಂಪಿ ಆನ್ ಮಾಡಿದರೆ ವೇಗ ಏರುತ್ತದೆ, ವೋಲ್ಟೇಜ್ ಸಾಮಾನ್ಯವಾಗಿ 1.35ಕ್ಕೆ ಹೋಗುತ್ತದೆ. ಅಂದರೆ ಅದು ಓವರ್‌ಕ್ಲಾಕಿಂಗ್. ಆ ಲೆಕ್ಕವನ್ನು ಒಂದೇ ಡಬ್ಬಿಯಲ್ಲಿ ಬಂದ ಕಡ್ಡಿಗಳಿಗೆ ಪರೀಕ್ಷಿಸಿರುತ್ತಾರೆ. ಎರಡು ಕಂಪನಿಯ ನಾಲ್ಕು ಕಡ್ಡಿ ಬೆರೆಸಿದರೆ ಅದಕ್ಕೆ ಯಾರ ಗ್ಯಾರಂಟಿಯೂ ಇಲ್ಲ.

ಕ್ರ್ಯಾಶ್ ಆಗುವುದು ಸಣ್ಣ ತೊಂದರೆ. ರ‍್ಯಾಮ್‌ನಲ್ಲಿ ತಪ್ಪಾದ ಅಂಕೆ ಸದ್ದಿಲ್ಲದೆ ಫೈಲ್‌ಗಳಿಗೂ ಸೇರಿಕೊಳ್ಳಬಹುದು. ತಿಪಟೂರಿನ ಅಜ್ಜಿ ಹೇಳಿದ ಕಥೆಗಳನ್ನು ಕನ್ನಡ ಶಾಲೆಯ ಪ್ರಾಜೆಕ್ಟ್‌ಗೆಂದು ಎಡಿಟ್ ಮಾಡಿಟ್ಟಿದ್ದೆ. ಒಂದು ಶುಕ್ರವಾರ ಆ ಫೈಲ್ ತೆರೆಯಲೇ ಇಲ್ಲ. ಮೂಲ ರೆಕಾರ್ಡಿಂಗ್ ಫೋನಿನಲ್ಲಿತ್ತು, ಬದುಕಿಕೊಂಡೆ. ಆದರೆ ಆ ರಾತ್ರಿಯೇ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ.

ಹತ್ತು ನಿಮಿಷ ಬೈದರು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಓಡಿಸಿದೆವು. ಎಕ್ಸ್‌ಎಂಪಿ ಆನ್ ಇದ್ದಾಗ ಕೆಲವೇ ನಿಮಿಷಗಳಲ್ಲಿ ಸಾಲು ಸಾಲು ತಪ್ಪು. ಆಫ್ ಮಾಡಿ ರಾತ್ರಿಯಿಡೀ ಬಿಟ್ಟೆವು, ಬೆಳಗ್ಗೆ ಒಂದೂ ಇರಲಿಲ್ಲ. ಅಪ್ಪ ಪವರ್ ಸಪ್ಲೈ ಕೊಂಡಿದ್ದಕ್ಕೂ ಕಾರಣ ಸಿಕ್ಕಿತು: ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಕಂಡಿದ್ದರು. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತುಹೋಯಿತು ಎಂದಷ್ಟೇ ಅದರ ಅರ್ಥ, ಯಾಕೆ ಅಂತ ಅದು ಹೇಳುವುದಿಲ್ಲ. ನಿಜವಾದ ಸುಳಿವು ನೀಲಿ ಪರದೆಯಲ್ಲೇ ಇತ್ತು. ಪ್ರತಿ ಸಲವೂ ಬೇರೆ ಬೇರೆ ಎರರ್ ಹೆಸರು ಬರುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಿ.

ಎಲ್ಲ ಸಲವೂ ಮಕ್ಕಳದೇ ತಪ್ಪು ಅಂದುಕೊಳ್ಳಬೇಡಿ, ಪ್ಲೀಸ್. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಎಷ್ಟೋ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕ್ರ್ಯಾಶ್ ಆಗುತ್ತಿದ್ದಾಗ, ಗೇಮ್‌ಗಳು ‘ವಿಡಿಯೋ ಮೆಮೊರಿ ಸಾಲದು’ ಎಂದು ಗ್ರಾಫಿಕ್ಸ್ ಕಾರ್ಡ್ ಕಡೆ ಬೆರಳು ತೋರಿಸುತ್ತಿದ್ದವು. ಪ್ರೊಸೆಸರ್‌ಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿತ್ತು ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಬಯಾಸ್ ಅಪ್‌ಡೇಟ್ ಮೂಲಕ ಪರಿಹಾರ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಚಿಪ್ ಮಾತ್ರ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಇವತ್ತೇ ನೋಡಿ.

ಅಪ್ಪ ಅಮ್ಮಂದಿರೇ, ‘ಯಾರು ಮಾಡಿದ್ದು?’ ಎನ್ನುವ ಬದಲು ‘ಕೊನೆಗೆ ಏನು ಬದಲಾಯಿತು?’ ಎಂದು ಕೇಳಿ ನೋಡಿ. ಬಯಾಸ್ ಮುಟ್ಟಲೇಬೇಡ ಅಂದರೆ ನಾವು ರಾತ್ರಿ ಎರಡು ಗಂಟೆಗೆ ಮುಟ್ಟುತ್ತೇವೆ, ಅಷ್ಟೇ ವ್ಯತ್ಯಾಸ. ಗೆಳೆಯರೇ, ನೀವು ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಅದನ್ನು ಬರೆದಿಡಿ. ತೊಂದರೆ ಶುರುವಾದರೆ ಎಲ್ಲವನ್ನೂ ಡೀಫಾಲ್ಟ್‌ಗೆ ತಂದು ನೋಡಿ. ಹಣ ಖರ್ಚು ಮಾಡುವುದು ಆಮೇಲೆ.

ನಮ್ಮ ರ‍್ಯಾಮ್ ಈಗ 2666ರಲ್ಲಿ ಓಡುತ್ತಿದೆ. ಗೇಮ್‌ನಲ್ಲಿ ಸ್ವಲ್ಪ ನಿಧಾನ, ಉಳಿದಂತೆ ನನಗೆ ವ್ಯತ್ಯಾಸವೇ ಗೊತ್ತಾಗಿಲ್ಲ. ಹೊಸ ಪವರ್ ಸಪ್ಲೈ ವಾಪಸ್ ಕೊಡುವ ಅವಧಿ ಮುಗಿದುಹೋಗಿತ್ತು. ಅದರ ದುಡ್ಡು ನನ್ನ ಪಾಕೆಟ್ ಮನಿಯಿಂದ ಹೋಗುತ್ತಿದೆ, ಇನ್ನೂ ನಾಲ್ಕು ತಿಂಗಳು ಬಾಕಿ.