ಆ ಮನಿಯೊಳಗಿನ ಮಂದಿ ಎಲ್ಲೆ ಹೋದ್ರು?

"ಈ ಆಟ ಆಡಿದ್ರ ಸಾಕು, ಇತಿಹಾಸದ ಪುಸ್ತಕ ಓದೋದ ಬ್ಯಾಡ" ಅಂತ ಇತ್ತೀಚಿಗೆ ಹುಡುಗ್ರು ಹೇಳ್ತಾರ, ಅವರ ಅವ್ವಂದಿರೂ ಗೋಣು ಹಾಕ್ತಾರ. ನಂಗ ಇದು ಒಪ್ಪಿಗಿ ಇಲ್ರೀ. ಆಟ ಬಂದ್ ಮಾಡಸ್ರಿ ಅಂತ ನಾ ಹೇಳಂಗಿಲ್ಲ. ಅದಕ್ಕ ಇತಿಹಾಸ ಅಂತ ಹೆಸರು ಇಡಬ್ಯಾಡ್ರಿ ಅಂತೀನಿ, ಅಷ್ಟ.

ನಾ ಹೇಳಲಿಕ್ಕತ್ತಿದ್ದು 'ಹೆಲ್ ಲೆಟ್ ಲೂಸ್' ಅನ್ನೋ ಆಟದ ಬಗ್ಗೆ. 2021ರಾಗ ಬಂದದ್ದು, ಎರಡನೇ ಮಹಾಯುದ್ಧದ್ದು. ಈ ಕಡೆ 50 ಮಂದಿ, ಆ ಕಡೆ 50 ಮಂದಿ, ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಕೂತು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮಾತಾಡ್ಕೋತ ಆಡ್ತಾರ. ಒಂದ್ ಆಟ ಒಂದೂವರಿ ತಾಸಿನ ತನಕಾ ನಡೀತದ. ಒಬ್ಬವನ ಗುಂಡು ಹೊಡದು ಗೆಲ್ಲಲಿಕ್ಕೆ ಬರಂಗಿಲ್ಲ. ಸಾಮಾನು ಹೊತ್ತು ತರಾವ, ಬಿದ್ದವನ್ನ ಎಬ್ಬಸಾವ ಇಲ್ಲಂದ್ರ ಪಡೆ ಸೋತ್ಹಾಂಗ. ಇದು ಛಂದನ ಅದ. ಮನ್ಯಾಗ ಸಿಲಿಂಡರ್ ಸರಸಲಿಕ್ಕೆ ಕರದ್ರ ಏಳಲಾರದ ನಮ್ಮ ಅಕ್ಕನ ಮಗ, ಅಲ್ಲೆ ಗುರ್ತಿಲ್ಲದ ಮಂದಿಗೆ ಪೆಟ್ಟಿಗಿ ಹೊರತಾನ!

ಆ ಆಟದಾಗ ಫ್ರಾನ್ಸಿನ ಸೇಂತ್ ಮೇರ್ ಎಗ್ಲೀಜ್ ಅನ್ನೋ ಸಣ್ಣ ಊರು ಬರ್ತದ. ಆಗಿನ ಕಾಲದಾಗ ವಿಮಾನದಿಂದ ತಗದ ಫೋಟೋ ನೋಡಿ ಇದ್ದದ್ದು ಇದ್ದಂಗ ಕಟ್ಟ್ಯಾರ. ಚರ್ಚು ಅದ, ಓಣಿ ಅವ, ಬಂದೂಕಂತೂ ತರಾವರಿ. ಆದ್ರ ಒಂದ ಮನ್ಯಾಗೂ ಮಂದಿ ಇಲ್ಲ. ಮುದುಕಿ ಇಲ್ಲ, ಕೂಸಿಲ್ಲ.

ಖರೇ ಏನಾಗಿತ್ತು? 1944ರ ಜೂನ್ 5ರ ರಾತ್ರಿ ಆ ಚರ್ಚಿನ ಬಯಲಿನ ಬಾಜೂಕ ಒಂದು ಮನಿಗೆ ಬೆಂಕಿ ಹತ್ತಿತ್ತು. ಗಂಟಿ ಬಾರಿಸಿದ್ರು. ಊರಾಗಿನ ಹೆಣ್ಣು ಗಂಡು ಎಲ್ಲಾ ಸಾಲಾಗಿ ನಿಂತು, ಪಂಪಿನಿಂದ ನೀರಿನ ಬಕೀಟು ಕೈಯಿಂದ ಕೈಗೆ ದಾಟಿಸಲಿಕ್ಕತ್ತಿದ್ರು. ಜರ್ಮನಿ ಸಿಪಾಯಿಗಳು ಕಾವಲು. ಅಷ್ಟ್ರಾಗ ತಲಿ ಮ್ಯಾಲೆ ಅಮೆರಿಕದ ಸಿಪಾಯಿಗಳು ಪ್ಯಾರಾಚೂಟಿನಾಗ ಇಳದ್ರು, ಗುಂಡು ಹಾರಿದ್ವು. ಆ ಬ್ಯಾಸಗಿಯೊಳಗ ನಾರ್ಮಂಡಿ ಪ್ರಾಂತದಾಗ ಸುಮಾರು 20,000 ಊರ ಮಂದಿ ಸತ್ರು. ಭಾಳ ಮಂದಿ ಸತ್ತದ್ದು ಬಿಡಿಸಲಿಕ್ಕೆ ಬಂದವರ ಬಾಂಬಿಗೇ.

ಅದ ಆಟದಾಗ ಸ್ಟಾಲಿನ್‌ಗ್ರಾಡೂ ಅದ. 1942ರ ಆಗಸ್ಟ್ 23ಕ್ಕ ಅಲ್ಲೆ ಬಾಂಬ್ ಬಿದ್ದಾಗ ಊರು ತುಂಬ ಮಂದಿ ಇದ್ರು, ವಿಮಾನ ಹೊಡಿಯೋ ತೋಪಿನ ಮುಂದ ಹರೇದ ಹುಡುಗ್ಯಾರು ನಿಂತಿದ್ರು.

"ಮಂದಿನ್ನ ಹಾಕಿದ್ರ ಆಡೋರು ಅವರಿಗೂ ಗುಂಡು ಹೊಡೀತಾರ ಮೌಶಿ, ಅದಕ್ಕ ಹಾಕಿಲ್ಲ" ಅಂದ ನಮ್ಮ ಹುಡುಗ. ಶಾಣ್ಯಾ ಮಾತು, ಮಾನಸ್ತೇನಿ. ಆದ್ರ ಅವನ ಬಾಯಿಂದನ ಬಂತಲ್ರೀ, ಖರೇ ಯುದ್ಧ ತೋರಿಸಿದ್ರ ಆಡ್ಲಿಕ್ಕೆ ಬರಂಗಿಲ್ಲ ಅಂತ!

ಮಂದಿನ್ನ ಇಟ್ಟು ಮಾಡಿದ ಆಟನೂ ಅವ. ಪೋಲಂಡಿನವರು 2014ರಾಗ 'ದಿಸ್ ವಾರ್ ಆಫ್ ಮೈನ್' ಅಂತ ಮಾಡಿದ್ರು, ಸರಾಯೆವೋ ಊರಿನ ಮುತ್ತಿಗಿ ಮನಸ್ಸಿನ್ಯಾಗ ಇಟ್ಕೊಂಡು. ಅದರಾಗ ನೀವು ಸಿಪಾಯಿ ಅಲ್ಲ, ಮುರಕ ಮನ್ಯಾಗ ಉಳದವರು. ಒಲಿ ಹೂಡಬೇಕು, ಮಳಿ ನೀರು ಹಿಡೀಬೇಕು, ಜಡ್ಡಾದವರಿಗೆ ಔಷಧ ಹುಡುಕಬೇಕು. 2020ರಾಗ ಅಲ್ಲಿ ಸರ್ಕಾರ ಅದನ್ನ ಸಾಲಿ ಹುಡುಗ್ರ ಹೆಚ್ಚಿನ ಓದಿನ ಪಟ್ಟಿಗೆ ಸೇರಿಸ್ತೇವಿ ಅಂತ ಸಾರಿತು. ಇತಿಹಾಸ ಅಂತ ತೋರಸೋದಿದ್ರ ಇದನ್ನ ತೋರಸ್ರಿ, ನಾ ಬಾಯಿ ಮುಚ್ಚತೇನಿ.

ವೈನಿಯಾರ, ಅಕ್ಕಾರ, ನಿಮ್ಮ ಹುಡುಗ ಆ ಊರಿನ ಯಾವುದರೆ ಕಿಟಕ್ಯಾಗ ಬಂದೂಕ ಇಟ್ಕೊಂಡು ಕೂತಾಗ ಬಾಜೂಕ ಕೂತು ಒಂದ ಮಾತು ಕೇಳ್ರಿ: ಇದು ಯಾರ ಮನಿ? ಅವರು ಅವತ್ತ ರಾತ್ರಿ ಎಲ್ಲೆ ಮಲಗಿದ್ರು? ನಮ್ಮವಗ ಕೇಳಿ ಎಂಟು ದಿನಾತು, ಇನ್ನೂ ಹುಡಕಲಿಕ್ಕತ್ಯಾನ.