"ಅಡ್ಡಾಡ್ತಾರೇನ್ರಿ?" ಅಂತ ಕೇಳಿದರೆ ಸಾಕೇ?

ನಮ್ಮ ಕಡೆ ವಯಸ್ಸಾದವರನ್ನು ವೃದ್ಧಾಶ್ರಮಕ್ಕೆ ಸೇರಿಸಿಕೊಳ್ಳುವಾಗ ಏನೇನು ಬರೆದುಕೊಳ್ಳುತ್ತಾರೆ ಎಂದು ನಾವು ನೋಡಿದ್ದೇವೆ. ಹೆಸರು, ವಯಸ್ಸು, ಆಧಾರ್ ನಂಬರ್, ಬಿಪಿ-ಶುಗರ್ ಇದೆಯೇ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು. ಕೊನೆಗೆ ಒಂದು ಪ್ರಶ್ನೆ: "ಅಡ್ಡಾಡ್ತಾರೇನ್ರಿ?" ಹೌದೆಂದರೆ ಒಳಗೆ, ಇಲ್ಲವೆಂದರೆ ಬೇರೆ ಕಡೆ ನೋಡಿರಿ. ಯಾರಿಗೆ ಆರೈಕೆ ಹೆಚ್ಚು ಬೇಕೋ ಅವರೇ ಹೊರಗುಳಿಯುವ ಲೆಕ್ಕ ಇದು.

ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. 1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಆರು ಕೆಲಸಗಳ ಪಟ್ಟಿ ಪ್ರಕಟಿಸಿದರು. ಜಳಕ, ಬಟ್ಟೆ ಉಡುವುದು, ಪಾಯಖಾನೆ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ತಾವೇ ಮಾಡಿಕೊಂಡರೆ ಒಂದು ಅಂಕ, ಇನ್ನೊಬ್ಬರು ಬೇಕಾದರೆ ಸೊನ್ನೆ. ಒಂದು ಹಾಳೆಯ ಕೆಲಸ.

ಆದರೆ ಹಾಳೆ ಹಿಡಿದು ಕೇಳಿದರೆ ಖರೇ ಉತ್ತರ ಸಿಗುವುದಿಲ್ಲ. "ಆಯಿ, ಜಳಕಾ ನೀವ ಮಾಡ್ಕೋತೀರೇನ್ರಿ?" ಎಂದರೆ "ಹೂಂನಪಾ, ನಾನ ಮಾಡ್ಕೋತೀನಿ" ಎಂದೇ ಹೇಳುತ್ತಾರೆ. ನೀರು ತಂದಿಟ್ಟವರು ಯಾರು, ಕಲ್ಲಿನ ಮೇಲಿಂದ ಎಬ್ಬಿಸಿದವರು ಯಾರು ಎಂಬುದು ಆ ಮಾತಿನಲ್ಲಿ ಬರುವುದಿಲ್ಲ. ಬೇಡುವುದಕ್ಕೆ ನಾಚಿಕೆ, ಹೊರಗೆ ಹಾಕಿಯಾರು ಎಂಬ ಅಂಜಿಕೆ. ಹಾಗಾಗಿ ನಾಲ್ಕು ದಿನ ಜೊತೆಗಿದ್ದು ನೋಡಬೇಕು. ಸೀರೆ ಉಡಿಸಲು ವೇಳೆ ಇಲ್ಲವೆಂದು ನೈಟಿ ಹಾಕಿಸಿ, ಆಮೇಲೆ "ಸೀರೆ ಉಡಲು ಬರುವುದಿಲ್ಲ" ಎಂದು ಬರೆಯುವುದೂ ಉಂಟು. ಕೂತೇಳುವ ಪಾಯಖಾನೆಯಲ್ಲಿ ಸೊನ್ನೆ ಪಡೆದ ಮುತ್ಯಾ ಕಮೋಡ್ ಇಟ್ಟ ಮರುದಿನ ಒಂದು ಪಡೆಯಬಹುದು. ಅಲ್ಲಿ ಕೊರತೆ ಯಾರದು, ಮುತ್ಯಾನದೋ ಕಟ್ಟಡದ್ದೋ? ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಟ್ಟರೆ ತಾವೇ ಉಣ್ಣುವವರಿಗೆ ಬೇಗ ಮುಗಿಯಲಿ ಎಂದು ತುತ್ತು ಹಾಕಿ ರೂಢಿ ಮಾಡಿದರೆ ಆ ಕೈಯೂ ಹೋಗುತ್ತದೆ.

ನೆನಪಿನ ಪರೀಕ್ಷೆ ಇನ್ನೂ ಸೂಕ್ಷ್ಮ. 1975ರಿಂದ ಬಳಕೆಯಲ್ಲಿರುವ ಎಂಎಂಎಸ್‌ಇ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಿರಿ ಎನ್ನುತ್ತಾರೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಇದು ಮರೆವಿನ ಪರೀಕ್ಷೆ ಹೇಗಾದೀತು? ಹರಿಯಾಣದ ಬಲ್ಲಭಗಡದಲ್ಲಿ ಓದು ಬಾರದವರಿಗಾಗಿ ಇದನ್ನು ಹಿಂದಿಗೆ ತಿದ್ದಿ ರೂಪಿಸಿದರು. ಇಲ್ಲಿ ತಾರೀಖು ಕೇಳುವ ಬದಲು ಭಾರತ ಹುಣ್ಣಿವಿ ಆತೋ, ಬರೂದೈತೋ ಎಂದು ಕೇಳಿ ನೋಡಲಿ.

ಅರ್ಧ ಕೆಲಸಕ್ಕೆ ದಾರಿ ಆಗಲೇ ಇದೆ. ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ಫಾರ್ಮಿನಲ್ಲಿ 60 ದಾಟಿದವರಿಗೆಂದೇ ಪ್ರಶ್ನೆಗಳಿವೆ: ನಿಲ್ಲುವಾಗ ತೂಗಾಡುತ್ತದೆಯೇ, ಊಟ-ಜಳಕಕ್ಕೆ ಮಂದಿ ಬೇಕೇ, ಮನೆಯವರ ಹೆಸರು ಮರೆಯುತ್ತದೆಯೇ. ಈ ಉತ್ತರಗಳು ವೃದ್ಧಾಶ್ರಮದ ಬಾಗಿಲಿಗೂ ಬರಬೇಕೆಂಬುದು ನಮ್ಮ ವಾದ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗ ತಾಲ್ಲೂಕಿಗೆ ನುಗ್ಗಿತಲ್ಲ, ಅಂಥ ಹೊತ್ತಿನಲ್ಲೂ ಯಾವ ಮನೆಯಲ್ಲಿ ಏಳಲಾರದವರಿದ್ದಾರೆಂಬ ಪಟ್ಟಿ ಇದರಿಂದಲೇ ಸಿಗುತ್ತದೆ. ಸವದತ್ತಿ ಕಡೆಯ ಮಾಜಿ ದೇವದಾಸಿಯರನ್ನೂ ಮರೆಯಬಾರದು. 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ಮೂವತ್ತರವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಅವರಲ್ಲಿ ಮಕ್ಕಳಿಲ್ಲದವರನ್ನು ನೋಡಿಕೊಳ್ಳುವವರು ಯಾರು?

ಕಾನೂನಿನ ಕಥೆ ಸಣ್ಣದು. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಜಿಲ್ಲೆಗೊಂದಾದರೂ 150 ಜನರ ವೃದ್ಧಾಶ್ರಮ ಇರಲಿ ಎಂದಿತು. ಆರೈಕೆ ಕೇಂದ್ರಗಳಿಗೆ ಕನಿಷ್ಠ ಗುಣಮಟ್ಟ ತರಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಪಾಸಾಗಲಿಲ್ಲ. ನಮ್ಮ ಕಡೆಯ ಪೋಷಣೆ ಅರ್ಜಿಗಳು ಬೈಲಹೊಂಗಲ ಉಪವಿಭಾಗಾಧಿಕಾರಿ ಮುಂದೆ ಬರುತ್ತವೆ. ಕಾಯ್ದೆಯಲ್ಲಿ ಪೋಷಣೆ ಎಂದರೆ ಊಟ, ಬಟ್ಟೆ, ವಸತಿಯ ಜೊತೆಗೆ ವೈದ್ಯಕೀಯ ಆರೈಕೆಯೂ ಸೇರಿದೆ. ಹಾಗಿದ್ದಮೇಲೆ ತಿಂಗಳಿಗೆ ಇಷ್ಟು ಎಂದು ಬರೆಯುವ ಮೊದಲು ಆ ಆರು ಅಂಕಗಳ ಹಾಳೆಯನ್ನು ತಾಲ್ಲೂಕು ಆಸ್ಪತ್ರೆಯಿಂದ ತರಿಸಿಕೊಳ್ಳಬಹುದು, ಬಿದ್ದು ಕಾಲು ಮುರಿದಾಗ ಮತ್ತೊಮ್ಮೆ ತರಿಸಬಹುದು. ಸಂಧ್ಯಾ ಸುರಕ್ಷಾದ 1,200 ರೂಪಾಯಿಯಂತೂ ಅಡ್ಡಾಡುವವರಿಗೂ ಅಷ್ಟೇ, ಹಾಸಿಗೆ ಹಿಡಿದವರಿಗೂ ಅಷ್ಟೇ.